ಕ್ಯಾಲಿಫೋರ್ನಿಯಾದ ಕಡಲ ಪಕ್ಕದಲ್ಲಿ ಆರ್‌ವಿ ಬಿಡಾರ: ಯಾವ ತೀರ, ಯಾವ ಗಾಡಿ, ಯಾವ ತಿಂಗಳು

ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಒದಗುತ್ತವೆ. ಜೂನ್ ಮೊದಲ ವಾರಗಳಲ್ಲಿ ಮಕ್ಕಳಿಗೆ ರಜೆ ಸಿಗುತ್ತದೆ. ಅಷ್ಟರಲ್ಲಿ ಊರಿನಿಂದ ಅಜ್ಜ ಅಜ್ಜಿಯೂ ಬಂದಿರುತ್ತಾರೆ. ಮೂರು ತಲೆಮಾರಿನವರನ್ನು ಒಟ್ಟಿಗೆ ಕಡಲ ದಂಡೆಗೆ ಕರೆದೊಯ್ದು ನಾಲ್ಕು ದಿನ ಇರಬೇಕೆಂದಾಗ ಹೋಟೆಲಿಗಿಂತ ಆರ್‌ವಿ, ಅಂದರೆ ಮಂಚ, ಒಲೆ, ಶೌಚಾಲಯ ಎಲ್ಲವನ್ನೂ ಹೊತ್ತುಕೊಂಡು ಓಡುವ ಮನೆ, ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ. ಮಂಡಿನೋವಿರುವ ಹಿರಿಯರು ರಾತ್ರಿ ಟಾರ್ಚು ಹಿಡಿದು ದೂರದ ಶೌಚಾಲಯಕ್ಕೆ ನಡೆಯಬೇಕಾಗಿಲ್ಲ, ಬೆಳಗ್ಗೆ ಐದಕ್ಕೇ ಏಳುವವರಿಗೆ ಕಾಫಿ ಇದ್ದಲ್ಲೇ ಸಿಗುತ್ತದೆ, ಸಸ್ಯಾಹಾರಿಗಳು ಊಟಕ್ಕಾಗಿ ಊರೂರು ಹುಡುಕಬೇಕಾಗಿಲ್ಲ. ಆದರೆ ತೀರ, ಗಾಡಿ, ತಿಂಗಳು ಈ ಮೂರರಲ್ಲಿ ಒಂದರ ಆಯ್ಕೆ ತಪ್ಪಿದರೂ ಇದೇ ಗಾಡಿ ಎಲ್ಲರಿಗೂ ಇಕ್ಕಟ್ಟಿನ ಕೋಣೆಯಾಗಿಬಿಡುತ್ತದೆ.

ಹೆಚ್ಚಿನವರು ಮೊದಲು ಗಾಡಿಯನ್ನು ಬಾಡಿಗೆಗೆ ಗೊತ್ತು ಮಾಡಿ, ಆಮೇಲೆ ಜಾಗ ಹುಡುಕಲು ಹೊರಡುತ್ತಾರೆ. ಈ ಕ್ರಮ ತಲೆಕೆಳಗು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಬಿಡಾರ ಹೂಡುವ ಜಾಗವೇ ಗಾಡಿ ಎಷ್ಟು ಉದ್ದ ಇರಬಹುದು, ರಾತ್ರಿ ವಿದ್ಯುತ್ ಇರುತ್ತದೆಯೇ, ನೀರು ಎಷ್ಟು ದಿನ ಬರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುತ್ತದೆ. ಆದ್ದರಿಂದ ಮನೆಯಲ್ಲಿ ಯಾರಿಗೆ ಹೆಚ್ಚು ಆರೈಕೆ ಬೇಕೋ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲು ಜಾಗವನ್ನು ಆರಿಸಿ, ಗಾಡಿಯನ್ನು ಆ ಜಾಗಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ತೀರಗಳ ನಡುವಿನ ವ್ಯತ್ಯಾಸ

ಮಲ್ಪೆ, ಕಾರವಾರದ ಕಡಲಿನಲ್ಲಿ ಆಡಿ ಬೆಳೆದವರಿಗೆ ಪೆಸಿಫಿಕ್ ಸಾಗರದ ಮೊದಲ ಸ್ಪರ್ಶ ಆಘಾತವನ್ನೇ ಉಂಟುಮಾಡುತ್ತದೆ. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲ್ಮೈಯ ನೀರನ್ನು ದಡದಿಂದ ದೂರ ತಳ್ಳುವುದರಿಂದ ಆಳದ ತಣ್ಣೀರು ಮೇಲೇರಿ ಬರುತ್ತದೆ. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಆಚೀಚೆ ಹೊರಗೆ ಬಿಸಿಲಿದ್ದರೂ ನೀರು ಸುಮಾರು 10ರಿಂದ 14 ಡಿಗ್ರಿ ಸೆಲ್ಸಿಯಸ್ ಮಾತ್ರ ಇರುತ್ತದೆ. ಸ್ಯಾಂಟಾ ಬಾರ್ಬರಾಕ್ಕಿಂತ ಪಶ್ಚಿಮದಲ್ಲಿರುವ ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರದಲ್ಲಿ ಕರಾವಳಿ ತಟ್ಟನೆ ಪೂರ್ವಕ್ಕೆ ತಿರುಗುತ್ತದೆ. ಅಲ್ಲಿಂದಾಚೆ ದಡವು ದಕ್ಷಿಣಕ್ಕೆ ಮುಖಮಾಡಿ, ಎದುರಿನ ಚಾನೆಲ್ ದ್ವೀಪಗಳ ಮರೆಯಲ್ಲಿ ಇರುವುದರಿಂದ ಅಲೆಗಳ ಹೊಡೆತ ಕಡಿಮೆ, ಬೇಸಿಗೆಯ ಕೊನೆಯ ನೀರು ಕೆಲವು ಡಿಗ್ರಿ ಹೆಚ್ಚು ಬೆಚ್ಚಗೆ. ಮಕ್ಕಳು ನೀರಿಗಿಳಿದು ಆಡಬೇಕು ಎಂಬುದೇ ಪ್ರವಾಸದ ಉದ್ದೇಶವಾಗಿದ್ದರೆ ಈ ಭೂಶಿರದ ಯಾವ ಬದಿಗೆ ಹೋಗುತ್ತೀರಿ ಎಂಬುದನ್ನೇ ಮೊದಲು ನಿರ್ಧರಿಸಬೇಕು.

ಉತ್ತರದಿಂದ ಆರಂಭಿಸಿದರೆ, ಸೊನೋಮಾ ಕರಾವಳಿಯ ಬೊಡೇಗಾ ಡ್ಯೂನ್ಸ್ ಕ್ಯಾಂಪ್‌ಗ್ರೌಂಡ್ ಮರಳುದಿಬ್ಬಗಳ ಹಿಂದೆ ಇರುವ ಶಾಂತವಾದ ಜಾಗ. ನೋಡುವುದಕ್ಕೆ ಆ ತೀರಕ್ಕೆ ಸಮನಾದದ್ದು ಕಡಿಮೆ. ಆದರೆ ಅಲ್ಲಿನ ಕಡಲು ಸ್ನಾನಕ್ಕೆ ಯೋಗ್ಯವಲ್ಲ. ಹತ್ತು ಹದಿನೈದು ನಿಮಿಷ ಸುಮ್ಮನಿದ್ದು ಏಕಾಏಕಿ ದಡದ ಮೇಲೆ ಬಹಳ ದೂರ ನುಗ್ಗುವ ಅಲೆಗಳಿಂದ ಸೊನೋಮಾ ತೀರದಲ್ಲಿ ಜೀವಹಾನಿಗಳಾಗಿವೆ. ಕಡಲಿಗೆ ಬೆನ್ನು ಹಾಕಬೇಡಿ ಎಂಬ ಎಚ್ಚರಿಕೆಯ ಫಲಕಗಳನ್ನು ಅಲ್ಲಲ್ಲಿ ನೆಟ್ಟಿದ್ದಾರೆ. ನಾಲ್ಕು ವರ್ಷದ ಮಗುವಿದ್ದ ನಾವು ಅಲ್ಲಿ ಎರಡು ದಿನವೂ ಮಗುವಿನ ಕೈ ಬಿಡಲಿಲ್ಲ, ಮಗುವಿಗೂ ನಮಗೂ ಅದು ವಿಶ್ರಾಂತಿಯಾಗಲಿಲ್ಲ. ದೊಡ್ಡ ಮಕ್ಕಳಿರುವವರು, ನಡೆಯುವುದನ್ನು ಇಷ್ಟಪಡುವವರು ಹೋಗಲಿ.

ಸ್ಯಾನ್ ಹೋಸೆಗೆ ಅತಿ ಹತ್ತಿರದ್ದು ಕ್ಯಾಪಿಟೋಲಾ ಮತ್ತು ವಾಟ್ಸನ್‌ವಿಲ್ ನಡುವಿನ ತೀರ, ಸುಮಾರು 35ರಿಂದ 50 ಮೈಲಿ. ಕ್ಯಾಪಿಟೋಲಾದ ನ್ಯೂ ಬ್ರೈಟನ್ ಕ್ಯಾಂಪ್‌ಗ್ರೌಂಡ್ ದಿಬ್ಬದ ಮೇಲೆ ಮರಗಳ ನಡುವೆ ಇದೆ, ಗಾಡಿ ನಿಲ್ಲಿಸುವ ಕೆಲವು ತಾಣಗಳಿಗೆ ಹುಕ್‌ಅಪ್, ಅಂದರೆ ಗಾಡಿಗೆ ಹೊರಗಿನಿಂದ ವಿದ್ಯುತ್, ನೀರಿನ ಸಂಪರ್ಕ ಕೊಡುವ ಸೌಲಭ್ಯವೂ ಇದೆ, ಆದರೆ ನೀರಿಗೆ ಹೋಗಲು ಇಳಿದು ಹತ್ತಬೇಕು. ವಾಟ್ಸನ್‌ವಿಲ್ ಹತ್ತಿರದ ಸನ್‌ಸೆಟ್ ಸ್ಟೇಟ್ ಬೀಚ್ ತೋಟಗಳಾಚೆಯ ನಿಶ್ಶಬ್ದವಾದ ಜಾಗ; ಅಲ್ಲಿ ಹುಕ್‌ಅಪ್ ಇಲ್ಲ, 31 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ಆ್ಯಪ್ಟೋಸ್‌ನ ಸೀಕ್ಲಿಫ್ ಬೀಚಿನಲ್ಲಿ ಆರ್‌ವಿಗಳು ನೇರವಾಗಿ ಮರಳಿನ ಅಂಚಿನಲ್ಲೇ ನಿಲ್ಲುತ್ತಿದ್ದವು. 2023ರ ಜನವರಿಯ ಬಿರುಗಾಳಿಯ ಅಲೆಗಳು ಆ ಕ್ಯಾಂಪ್‌ಗ್ರೌಂಡನ್ನು ಹಾಳುಮಾಡಿದವು, ಕಡಲೊಳಗೆ ಚಾಚಿದ್ದ, ಮರದಿಂದ ಕಟ್ಟಿದ ಹಳೆಯ ಕಟ್ಟೆಯೂ ಉಳಿಯಲಿಲ್ಲ. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಅದರ ಹೊಗಳಿಕೆ ಇನ್ನೂ ಇರುವುದರಿಂದ ಇದನ್ನು ಹೇಳಬೇಕಾಯಿತು. ಮೊದಲ ಬಾರಿ ಆರ್‌ವಿ ಓಡಿಸುವವರಿಗೆ ಈ ತೀರದ ಒಂದೆರಡು ರಾತ್ರಿಗಳು ಒಳ್ಳೆಯ ಅಭ್ಯಾಸ. ಆದರೆ ಬೆಟ್ಟ ದಾಟುವ ಹೆದ್ದಾರಿ 17 ಇಕ್ಕಟ್ಟಿನ ತಿರುವುಗಳಿಂದ ತುಂಬಿದೆ. ಹೊಸಬರು ಹೆದ್ದಾರಿ 101ರಲ್ಲಿ ದಕ್ಷಿಣಕ್ಕೆ ಹೋಗಿ 129ರ ಮೂಲಕ ವಾಟ್ಸನ್‌ವಿಲ್ ಸೇರುವುದು ಮೇಲು.

ಬಿಗ್ ಸರ್ ಹೆಸರು ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನನ್ನ ಸಲಹೆ, ಅದನ್ನು ಕಾರಿನಲ್ಲಿ ನೋಡಿ. ಫೈಫರ್ ಬಿಗ್ ಸರ್ ಉದ್ಯಾನ ರೆಡ್‌ವುಡ್ ಮರಗಳ ನಡುವಿನ ಹೊಳೆಯ ದಂಡೆ, ಕಡಲ ದಂಡೆಯಲ್ಲ. ಹುಕ್‌ಅಪ್ ಇಲ್ಲ, ಗಾಡಿಯ ಮಿತಿ 32 ಅಡಿ. ಅಲ್ಲಿಯ ಹೆದ್ದಾರಿ 1 ಆಗಾಗ ಗುಡ್ಡ ಕುಸಿದು ಮುಚ್ಚುತ್ತದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಕುಸಿದ ಗುಡ್ಡದಿಂದಾಗಿ ಆ ರಸ್ತೆ 2018ರ ಜುಲೈವರೆಗೂ ತೆರೆಯಲಿಲ್ಲ. ಹಿಂದೆ ಕುಳಿತ ಹಿರಿಯರಿಗೆ ಆ ತಿರುವುಗಳಲ್ಲಿ ತಲೆಸುತ್ತು ಬರುವುದೂ ನಿಶ್ಚಯ.

ಇನ್ನು ಉಳಿದವು ಎರಡು, ನಿಜವಾದ ಹೋಲಿಕೆ ಇರುವುದೂ ಇವುಗಳ ನಡುವೆಯೇ. ಒಂದು, ಸ್ಯಾನ್ ಸಿಮಿಯನ್, ಮಾರೋ ಬೇ ಮತ್ತು ಪಿಸ್ಮೋ ಬೀಚ್ ಸೇರಿದ ನಡುಕರಾವಳಿ. ಇನ್ನೊಂದು, ಪಾಯಿಂಟ್ ಕನ್ಸೆಪ್ಷನ್ ಆಚೆಯ ಕಾರ್ಪಿಂಟೇರಿಯಾ.

ಪಿಸ್ಮೋ ಸ್ಯಾನ್ ಹೋಸೆಯಿಂದ 101ರ ದಾರಿಯಲ್ಲಿ ಸುಮಾರು 195 ಮೈಲಿ. ಸ್ಯಾನ್ ಲೂಯಿಸ್ ಒಬಿಸ್ಪೋಗೆ ಮುಂಚಿನ ಕ್ವೆಸ್ಟಾ ಇಳಿಜಾರೊಂದನ್ನು ಬಿಟ್ಟರೆ ರಸ್ತೆ ಸಲೀಸು. ಆ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರದೆ ಕೆಳಗಿನ ಗೇರಿಗೆ ಹಾಕಿಕೊಂಡು ನಿಧಾನವಾಗಿ ಇಳಿಯಬೇಕು. ಅಲ್ಲಿಯ ಮರಳು ಅಗಲವಾಗಿ, ಸಮತಟ್ಟಾಗಿ ಹರಡಿದೆ, ಹಿರಿಯರು ಸಂಜೆ ನಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ದಂಡೆ ನಾನು ಕಂಡಿಲ್ಲ. ಸರ್ಕಾರಿ ಕ್ಯಾಂಪ್‌ಗ್ರೌಂಡುಗಳು ಎರಡಿವೆ: ನಾರ್ತ್ ಬೀಚಿನಲ್ಲಿ ಹುಕ್‌ಅಪ್ ಇಲ್ಲ, ಓಷಿಯಾನೋದಲ್ಲಿ ಕೆಲವು ತಾಣಗಳಿಗೆ ಇದೆ. ನಾರ್ತ್ ಬೀಚಿಗೆ ಅಂಟಿಕೊಂಡಂತಿರುವ ನೀಲಗಿರಿ ಮರಗಳ ತೋಪಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಮೊನಾರ್ಕ್ ಚಿಟ್ಟೆಗಳು ಬಂದು ತಂಗುತ್ತವೆ. ಖಾಸಗಿಯಾದ ಪಿಸ್ಮೋ ಕೋಸ್ಟ್ ವಿಲೇಜ್ ದಂಡೆಯ ಪಕ್ಕದಲ್ಲೇ ಇದ್ದು, ನೀರು, ವಿದ್ಯುತ್, ಚರಂಡಿ ಮೂರೂ ಸಂಪರ್ಕಗಳನ್ನು ಕೊಡುತ್ತದೆ. ದಕ್ಷಿಣದ ಓಷಿಯಾನೋ ಡ್ಯೂನ್ಸ್‌ನಲ್ಲಿ ಮರಳಿನ ಮೇಲೆಯೇ ವಾಹನ ಓಡಿಸಿ ಬಿಡಾರ ಹೂಡಲು ಅವಕಾಶವಿದೆ. ಆದರೆ ಗಾಡಿ ಮರಳಿನಲ್ಲಿ ಹೂತುಹೋಗುವ ಅಪಾಯವಿರುವುದರಿಂದ ಬಾಡಿಗೆ ಒಪ್ಪಂದಗಳು ಸಾಮಾನ್ಯವಾಗಿ ಅದನ್ನು ನಿಷೇಧಿಸುತ್ತವೆ, ಕುಟುಂಬಗಳು ಅತ್ತ ಹೋಗಬೇಕಾದದ್ದೂ ಇಲ್ಲ. ಪಿಸ್ಮೋದಲ್ಲಿ ತಂಗಿದವರು ಒಂದು ದಿನ ಉತ್ತರಕ್ಕೆ ಹೋಗಿ, ಸ್ಯಾನ್ ಸಿಮಿಯನ್ ದಾಟಿದರೆ ಪಿಯೆದ್ರಾಸ್ ಬ್ಲಾಂಕಾಸ್‌ನಲ್ಲಿ ಆನೆಸೀಲುಗಳು ದಡದ ತುಂಬ ಮಲಗಿರುವುದನ್ನು ಹಲಗೆಯ ಹಾದಿಯ ಮೇಲೆ ನಿಂತು ನೋಡಬಹುದು. ಶುಲ್ಕವಿಲ್ಲ, ಮೆಟ್ಟಿಲುಗಳಿಲ್ಲ, ನಮ್ಮ ಮಾವನವರು ಅಲ್ಲಿಂದ ಒಂದೂವರೆ ಗಂಟೆ ಕದಲಲಿಲ್ಲ.

ಕಾರ್ಪಿಂಟೇರಿಯಾ ಇದಕ್ಕಿಂತ ನೂರು ಮೈಲಿಗೂ ಹೆಚ್ಚು ಮುಂದೆ ಇದೆ. ಸ್ಯಾನ್ ಹೋಸೆಯಿಂದ ಸುಮಾರು 300 ಮೈಲಿ, ಆರ್‌ವಿಯಲ್ಲಿ ಊಟ ವಿರಾಮ ಸೇರಿಸಿದರೆ ಏಳು ಗಂಟೆಯ ದಾರಿ. ಈ ದೂರವೊಂದೇ ಅದರ ದೊಡ್ಡ ಕೊರತೆ. ಸ್ಟೇಟ್ ಬೀಚಿನ ಕ್ಯಾಂಪ್‌ಗ್ರೌಂಡಿನ ಭಾಗಗಳಿಗೆ ಎದುರಿನ ದ್ವೀಪಗಳ ಹೆಸರುಗಳನ್ನೇ ಇಟ್ಟಿದ್ದಾರೆ, ಹಲವು ತಾಣಗಳಿಗೆ ಹುಕ್‌ಅಪ್ ಇದೆ, ಊರಿನ ಲಿಂಡನ್ ರಸ್ತೆಯ ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರ. ಪಕ್ಕದಲ್ಲೇ ರೈಲು ಹಳಿ ಇರುವುದರಿಂದ ರಾತ್ರಿ ಸದ್ದಾಗುತ್ತದೆ, ಬೇಗ ಎಚ್ಚರಗೊಳ್ಳುವವರು ಕಡಲ ಬದಿಯ ತಾಣಗಳನ್ನೇ ಹುಡುಕಬೇಕು. ಅಲ್ಲಿ ನೆಲದಿಂದ ಸಹಜವಾಗಿ ಡಾಂಬರು ಜಿನುಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಚುಮಾಶ್ ಜನರು ಅದರಿಂದಲೇ ತಮ್ಮ ಹಲಗೆಯ ದೋಣಿಗಳ ಸಂದುಗಳನ್ನು ಮುಚ್ಚುತ್ತಿದ್ದರು. 1769ರಲ್ಲಿ ಅವರು ದೋಣಿ ಕಟ್ಟುತ್ತಿದ್ದುದನ್ನು ಕಂಡ ಸ್ಪೇನಿನ ಸೈನಿಕರು ಆ ಜಾಗಕ್ಕೆ ಬಡಗಿಶಾಲೆ ಎಂಬರ್ಥದ ಈ ಹೆಸರನ್ನಿಟ್ಟರು. ಮರಳಿನಲ್ಲಿ ಓಡಾಡಿದ ಮಗುವಿನ ಅಂಗಾಲಿಗೆ ಆ ಕಪ್ಪು ಅಂಟು ಹತ್ತಿದಾಗ ಸೋಪಿಗೆ ಹೋಗಲಿಲ್ಲ. ಅತ್ತೆಯವರು ಗಾಡಿಯ ಮೆಟ್ಟಿಲಿನ ಮೇಲೆ ಕುಳಿತು, ಮೊಮ್ಮಗಳ ಕಾಲನ್ನು ಮಡಿಲಿಗೆಳೆದುಕೊಂಡು, ತಲೆಗೆ ಹಚ್ಚಲೆಂದು ತಂದಿದ್ದ ಕೊಬ್ಬರಿ ಎಣ್ಣೆಯನ್ನು ಹಳೆಯ ಬಟ್ಟೆಗೆ ಸುರಿದು ಉಜ್ಜಿದರು. ಎರಡು ನಿಮಿಷದಲ್ಲಿ ಕಾಲು ಶುಭ್ರವಾಯಿತು. ಎಣ್ಣೆಯ ಶೀಶೆ ಮರೆಯಬೇಡಿ.

ಹೀಗಾಗಿ ಮೂರು ರಾತ್ರಿಗಳಿದ್ದರೆ ಪಿಸ್ಮೋ, ಐದು ರಾತ್ರಿಗಳಿದ್ದರೆ ಕಾರ್ಪಿಂಟೇರಿಯಾ ಎಂದು ನಾನು ಹೇಳುತ್ತೇನೆ. ಐದು ರಾತ್ರಿಯವರು ದಾರಿಯಲ್ಲಿ ಪಿಸ್ಮೋದಲ್ಲಿ ಒಂದು ರಾತ್ರಿ ಇಳಿದುಕೊಂಡರೆ ಹಿರಿಯರಿಗೂ ಆಯಾಸವಾಗುವುದಿಲ್ಲ. ದಿನಕ್ಕೊಂದು ಊರು ಎಂಬ ಯೋಜನೆ ಆರ್‌ವಿಗೆ ಒಗ್ಗದು. ಪ್ರತಿ ಸಲವೂ ಪಾತ್ರೆ ಕಟ್ಟಿ, ಕಪಾಟುಗಳಿಗೆ ಚಿಲಕ ಹಾಕಿ, ಪೈಪು ಸುತ್ತಿ ಹೊರಡುವುದಕ್ಕೇ ಒಂದೂವರೆ ಗಂಟೆ ಹಿಡಿಯುತ್ತದೆ.

ಹುಕ್‌ಅಪ್ ಬೇಕೇ, ಬೇಡವೇ

ಹುಕ್‌ಅಪ್ ಇಲ್ಲದ ತಾಣದಲ್ಲಿ ಗಾಡಿಯ ಬ್ಯಾಟರಿ, ಪ್ರೊಪೇನ್ ಅನಿಲ ಮತ್ತು ಟ್ಯಾಂಕಿನ ನೀರಿನಿಂದಲೇ ಎಲ್ಲವೂ ನಡೆಯಬೇಕು. ದೀಪ, ನೀರಿನ ಪಂಪು, ಒಲೆ ಇವು ತೊಂದರೆಯಿಲ್ಲದೆ ನಡೆಯುತ್ತವೆ. ಮೈಕ್ರೋವೇವ್, ರೈಸ್ ಕುಕ್ಕರ್, ಮಿಕ್ಸಿ ಇವುಗಳಿಗೆ ಜನರೇಟರ್ ಬೇಕು, ಕ್ಯಾಲಿಫೋರ್ನಿಯಾದ ಸರ್ಕಾರಿ ಉದ್ಯಾನಗಳಲ್ಲಿ ಅದನ್ನು ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಚಾಲೂ ಇಡಬಹುದು. ನಿದ್ರೆಯಲ್ಲಿ ಉಸಿರಾಟದ ತೊಂದರೆಗಾಗಿ ರಾತ್ರಿಯಿಡೀ ಸಿಪ್ಯಾಪ್ ಯಂತ್ರ ಬಳಸುವ ಹಿರಿಯರಿದ್ದರೆ ಈ ನಿಯಮವೊಂದೇ ನಿಮ್ಮ ಆಯ್ಕೆಯನ್ನು ತೀರ್ಮಾನಿಸಿಬಿಡುತ್ತದೆ. ಅಂಥವರಿಗೆ ವಿದ್ಯುತ್ ಸಂಪರ್ಕವಿರುವ ತಾಣವೇ ಬೇಕು, ಬ್ಯಾಟರಿಯನ್ನು ನಂಬಿ ಹೋಗಬಾರದು.

ವಿದ್ಯುತ್ತಿಗಿಂತ ಮೊದಲು ಮುಗಿಯುವುದು ನೀರು. 25 ಅಡಿಯ ಬಾಡಿಗೆ ಗಾಡಿಯಲ್ಲಿ ಸಿಹಿನೀರಿನ ಟ್ಯಾಂಕು ಸುಮಾರು 30ರಿಂದ 40 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಕೊಡದ ಆಸುಪಾಸು. ಆರು ಜನರಿದ್ದ ನಾವು ಬೊಡೇಗಾದಲ್ಲಿ ಮೊದಲ ರಾತ್ರಿ ಸಾರು, ಪಲ್ಯ, ಮೊಸರನ್ನ ಮಾಡಿ, ಮುಸುರೆ ಪಾತ್ರೆಗಳನ್ನೆಲ್ಲ ಮನೆಯಲ್ಲಿ ತೊಳೆಯುವಂತೆ ನಲ್ಲಿ ಬಿಟ್ಟು ತೊಳೆದೆವು, ಬೆಳಗ್ಗೆ ಇಬ್ಬರು ಗಾಡಿಯಲ್ಲೇ ಸ್ನಾನ ಮಾಡಿದರು. ಹತ್ತು ಗಂಟೆಗೆ ಪಂಪು ಗಾಳಿ ಎಳೆಯುವ ಸದ್ದು ಮಾಡತೊಡಗಿತು, ಬಳಸಿದ ನೀರಿನ ಟ್ಯಾಂಕು ತುಂಬಿ ಬಚ್ಚಲಿನ ತಳದಲ್ಲಿ ಕೊಳೆನೀರು ನಿಂತಿತು. ಶೌಚಕ್ಕೆ ನೀರನ್ನೇ ಬಳಸುವ ನಮ್ಮ ಪದ್ಧತಿಯಿಂದ ಮಲದ ಟ್ಯಾಂಕೂ ಇಲ್ಲಿನವರ ಲೆಕ್ಕಾಚಾರಕ್ಕಿಂತ ಬೇಗ ತುಂಬುತ್ತದೆ. ಇದನ್ನು ಮಾರ್ಗದರ್ಶಿಗಳು ಬರೆಯುವುದಿಲ್ಲ, ನಮ್ಮವರಾದರೂ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಹುಕ್‌ಅಪ್ ಸಿಗದಿದ್ದರೆ ಸ್ನಾನವನ್ನು ಕ್ಯಾಂಪ್‌ಗ್ರೌಂಡಿನ ಸ್ನಾನಗೃಹದಲ್ಲೇ ಮುಗಿಸಿ, ಪಾತ್ರೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ಎರಡು ಬೋಗುಣಿಗಳಲ್ಲಿ ತೊಳೆದು, ಕುಡಿಯುವ ನೀರನ್ನು ಬೇರೆ ಕ್ಯಾನುಗಳಲ್ಲಿ ಒಯ್ದರೆ ಆರು ಜನ ಎರಡು ರಾತ್ರಿ ನೆಮ್ಮದಿಯಾಗಿ ಇರಬಹುದು. ಮೂರನೆಯ ದಿನ ಕೊಳೆನೀರಿನ ಟ್ಯಾಂಕುಗಳನ್ನು ಖಾಲಿಮಾಡುವ ಡಂಪ್ ಸ್ಟೇಷನ್ನಿಗೆ ಹೋಗಲೇಬೇಕು.

ಸರ್ಕಾರಿ ತಾಣಗಳಲ್ಲಿ ಬಾಡಿಗೆ ಕಡಿಮೆ, ಜಾಗ ಹೆಚ್ಚು ಸಹಜ, ಒಂದು ತಾಣಕ್ಕೆ ಎಂಟು ಜನರ ಮಿತಿ. ಖಾಸಗಿ ಪಾರ್ಕುಗಳಲ್ಲಿ ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತವೆ, ಬಾಡಿಗೆ ಗಣನೀಯವಾಗಿ ಹೆಚ್ಚು, ಆದರೆ ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ಅಂಗಡಿಯವರೆಗೆ ಎಲ್ಲವೂ ಕೈಗೆಟಕುತ್ತವೆ. ಎಪ್ಪತ್ತು ದಾಟಿದವರು ಜೊತೆಗಿದ್ದರೆ, ಅದೂ ಮೊದಲ ಪ್ರವಾಸವಾದರೆ, ಆ ಹಣ ವ್ಯರ್ಥವಲ್ಲ.

ಗಾಡಿಯ ಆಯ್ಕೆ

ಬಸ್ಸಿನಂತಿರುವ ಕ್ಲಾಸ್ ಎ ಗಾಡಿ ಕುಟುಂಬಕ್ಕೆ ಬೇಕಾದ್ದಕ್ಕಿಂತ ದೊಡ್ಡದು, ಹಳೆಯ ಕರಾವಳಿ ಕ್ಯಾಂಪ್‌ಗ್ರೌಂಡುಗಳ ತಾಣಗಳಲ್ಲಿ ಹಿಡಿಸುವುದೂ ಕಷ್ಟ. ಕ್ಲಾಸ್ ಬಿ ಎಂಬ ವ್ಯಾನು ಓಡಿಸಲು ಸುಲಭ, ಆದರೆ ಇಬ್ಬರಿಗೆ ಸರಿ. ಎಳೆದೊಯ್ಯುವ ಟ್ರೇಲರಿಗೆ ಬಲವಾದ ಟ್ರಕ್ಕೂ ಹಿಮ್ಮುಖ ಓಡಿಸುವ ಅಭ್ಯಾಸವೂ ಬೇಕು. ಕೆಲವು ಮಾಲೀಕರು ಟ್ರೇಲರನ್ನು ತಾವೇ ತಂದು ತಾಣದಲ್ಲಿ ನಿಲ್ಲಿಸಿಕೊಡುತ್ತಾರೆ. ದೊಡ್ಡ ಗಾಡಿ ಓಡಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲದಿದ್ದರೆ ಇದು ಉತ್ತಮ ದಾರಿ, ಆದರೆ ಆ ಕ್ಯಾಂಪ್‌ಗ್ರೌಂಡಿನಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಉಳಿದದ್ದು ಚಾಲಕನ ತಲೆಯ ಮೇಲೆ ಮಂಚವಿರುವ ಕ್ಲಾಸ್ ಸಿ, ಬಾಡಿಗೆಗೆ ಹೆಚ್ಚಾಗಿ ಸಿಗುವುದೂ ಅದೇ. ಕ್ಯಾಲಿಫೋರ್ನಿಯಾದ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ 40 ಅಡಿವರೆಗಿನ ಆರ್‌ವಿ ಓಡಿಸಬಹುದು. ಇಲ್ಲಿ ಆಯ್ಕೆ 25 ಅಡಿ ಮತ್ತು 30 ಅಡಿಗಳ ನಡುವೆ. 25 ಅಡಿಯದರಲ್ಲಿ ಸಾಮಾನ್ಯವಾಗಿ ಐವರಿಗೆ, 30 ಅಡಿಯದರಲ್ಲಿ ಏಳು ಜನರಿಗೆ ಸೌಕರ್ಯವಿರುತ್ತದೆ. ಮಂಚಗಳನ್ನು ಎಣಿಸಬೇಡಿ, ಸೀಟ್ ಬೆಲ್ಟುಗಳನ್ನು ಎಣಿಸಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟು ಅಥವಾ ಬೂಸ್ಟರ್ ಇಲ್ಲಿನ ಕಾನೂನಿನ ಪ್ರಕಾರ ಕಡ್ಡಾಯ. ಅಡ್ಡಲಾಗಿರುವ ಸೋಫಾದ ಮೇಲೆ ಅದನ್ನು ಕಟ್ಟುವಂತಿಲ್ಲ, ಮುಂದಕ್ಕೆ ಮುಖಮಾಡಿದ ಆಸನವೇ ಬೇಕು. ಬಾಡಿಗೆಗೆ ಕೊಡುವವರಿಂದ ಆ ಆಸನಗಳ ಫೋಟೋ ತರಿಸಿಕೊಂಡು ನೋಡಿದ ಮೇಲೆಯೇ ಹಣ ಕಟ್ಟಿರಿ.

ಆರು ಜನರ ಕುಟುಂಬಕ್ಕೆ ನಾನು ಒಪ್ಪಿರುವ ಏರ್ಪಾಡು 25 ಅಡಿಯ ಗಾಡಿ ಮತ್ತು ಅದರ ಹಿಂದೆ ಇನ್ನೊಬ್ಬರು ಓಡಿಸಿಕೊಂಡು ಬರುವ ಮನೆಯ ಕಾರು. ಮಕ್ಕಳು, ಒಬ್ಬರು ಹಿರಿಯರು ಕಾರಿನಲ್ಲಿ ಸುರಕ್ಷಿತವಾಗಿ ಕೂರುತ್ತಾರೆ. ಹಾಲು ಮೊಸರು ತರಲು, ಅವಸರಕ್ಕೆ ಆಸ್ಪತ್ರೆಗೆ ಹೋಗಲು, ಆನೆಸೀಲು ನೋಡಲು ಇಡೀ ಮನೆಯನ್ನೇ ಕದಲಿಸಬೇಕಾಗಿಲ್ಲ. ಎರಡನೆಯ ವಾಹನಕ್ಕೆ ಕ್ಯಾಂಪ್‌ಗ್ರೌಂಡಿನಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದು ದೊಡ್ಡದಲ್ಲ. ಹಿಂದಿನ ಮಂಚ ಹಿರಿಯರಿಗೆ, ಮೇಲಿನದು ಮಗುವಿನೊಡನೆ ನಿಮಗೊಬ್ಬರಿಗೆ, ಊಟದ ಮೇಜನ್ನು ಮಡಚಿ ಮಾಡಿದ ಹಾಸಿಗೆ ಉಳಿದವರಿಗೆ. ಮೇಲಿನ ಮಂಚದ ಅಂಚಿಗೆ ಬೀಳದಂತೆ ತಡೆಯುವ ಬಲೆ ಇದೆಯೇ ನೋಡಿರಿ.

ಬಾಡಿಗೆಯ ದಿನದ ದರವೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮೈಲಿಗೆ ಇಷ್ಟು, ಜನರೇಟರಿಗೆ ಗಂಟೆಗೆ ಇಷ್ಟು, ಹಾಸಿಗೆ ಪಾತ್ರೆಗಳಿಗೆ ಬೇರೆ, ವಿಮೆಗೆ ಬೇರೆ. ಇಂಥ ಗಾಡಿ ಒಂದು ಗ್ಯಾಲನ್ನಿಗೆ 8ರಿಂದ 10 ಮೈಲಿ ಓಡುತ್ತದೆ. ಪಿಸ್ಮೋಗೆ ಹೋಗಿಬರಲು 40ರಿಂದ 50 ಗ್ಯಾಲನ್, ಕಾರ್ಪಿಂಟೇರಿಯಾಕ್ಕೆ 60ರಿಂದ 75 ಗ್ಯಾಲನ್ ಪೆಟ್ರೋಲು ಬೇಕು. ಗಾಡಿಯ ಎತ್ತರ ಸುಮಾರು 12 ಅಡಿ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಎದುರಿಗೆ ಅಂಟಿಸಿದರೆ ತಗ್ಗಿನ ಕೊಂಬೆ, ಪೆಟ್ರೋಲ್ ಬಂಕಿನ ಚಾವಣಿ ಎರಡರಿಂದಲೂ ಪಾರಾಗಬಹುದು.

ಅಡುಗೆಯ ವಿಷಯದಲ್ಲಿ ಒಂದೇ ಮಾತು. ಒಗ್ಗರಣೆಯನ್ನು ಗಾಡಿಯ ಒಳಗೆ ಹಾಕಬೇಡಿ. ಸಾಸಿವೆ ಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ, ವಾಸನೆ ಹಾಸಿಗೆಗೆ ಹತ್ತಿ ಉಳಿಯುತ್ತದೆ. ಎರಡು ಬರ್ನರಿನ ಕ್ಯಾಂಪ್ ಒಲೆಯನ್ನು ಹೊರಗಿನ ಮೇಜಿನ ಮೇಲಿಟ್ಟು ಅಡುಗೆ ಮಾಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೊದಲೇ ಹುದುಗಿಸಿದ ದೋಸೆ ಹಿಟ್ಟು ಇದ್ದರೆ ಅರ್ಧ ಕೆಲಸ ಮುಗಿದಂತೆ. ಕಡಲ ಪಕ್ಕದ ಥಂಡಿಯಲ್ಲಿ ಹಿಟ್ಟು ಅಲ್ಲಿ ಹುದುಗುವುದಿಲ್ಲ.

ಯಾವ ತಿಂಗಳು, ಹೇಗೆ ಕಾದಿರಿಸುವುದು

ಊರಿನಿಂದ ಬಂದವರು ಬೇಸಿಗೆಯ ಕಡಲೆಂದರೆ ಬಿಸಿಲು ಎಂದುಕೊಳ್ಳುತ್ತಾರೆ. ಮೇ ಮತ್ತು ಜೂನ್‌ನಲ್ಲಿ ತಣ್ಣನೆಯ ಕಡಲ ಮೇಲೆ ಕಟ್ಟಿದ ಮೋಡದ ಪದರ ದಡದ ಮೇಲೆ ಮಧ್ಯಾಹ್ನದವರೆಗೂ, ಕೆಲವು ದಿನ ಇಡೀ ದಿನ, ಮುಸುಕಿರುತ್ತದೆ. ಸ್ವೆಟರ್, ಕಿವಿಮುಚ್ಚುವ ಟೋಪಿ, ಕಾಲುಚೀಲ, ಮನೆಯ ರಗ್ಗುಗಳು ಜುಲೈನಲ್ಲೂ ಬೇಕು. ಆಕಾಶ ತಿಳಿಯಾಗುವುದು, ನೀರು ವರ್ಷದಲ್ಲೇ ಬೆಚ್ಚಗಿರುವುದು, ಜನಸಂದಣಿ ಇಳಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆಗ ಮಕ್ಕಳಿಗೆ ಶಾಲೆಯಿರುತ್ತದೆಂಬುದು ನಿಜ. ಹಿರಿಯರು ಅಕ್ಟೋಬರ್‌ವರೆಗೆ ಇಲ್ಲಿಯೇ ಇರುವುದಾದರೆ ಒಂದು ಶುಕ್ರವಾರ ರಜೆ ಹಾಕಿ ಪಿಸ್ಮೋಗೆ ಹೋಗುವುದು ಜೂನ್‌ನ ಒಂದು ವಾರಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಶಾಲೆಯ ರಜೆಯಲ್ಲೇ ಹೋಗಬೇಕಾದವರು ಆಗಸ್ಟ್ ಮೊದಲ ವಾರವನ್ನು ಹಿಡಿಯಲಿ.

ಸರ್ಕಾರಿ ತಾಣಗಳನ್ನು ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ಜಾಲತಾಣದಲ್ಲಿ ಆರು ತಿಂಗಳು ಮುಂಚಿತವಾಗಿ ಕಾದಿರಿಸಬೇಕು. ಆಗಸ್ಟ್ 3ಕ್ಕೆ ಹೋಗುವುದಾದರೆ ಫೆಬ್ರವರಿ 3ರ ಬೆಳಗ್ಗೆ 8 ಗಂಟೆಗೆ ಖಾತೆ ತೆರೆದು, ಗಾಡಿಯ ಉದ್ದವನ್ನು ನಮೂದಿಸಿ, ಎರಡು ಮೂರು ತಾಣಗಳ ಸಂಖ್ಯೆಯನ್ನು ಮೊದಲೇ ಗುರುತು ಮಾಡಿಟ್ಟುಕೊಂಡು ಸಿದ್ಧವಾಗಿರಬೇಕು. ಕಾರ್ಪಿಂಟೇರಿಯಾದ ಕಡಲಂಚಿನ ತಾಣಗಳು ನಿಮಿಷಗಳಲ್ಲಿ ಮುಗಿಯುತ್ತವೆ. ಸಿಗದಿದ್ದವರು ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳನ್ನು ನೋಡಲಿ, ಹೊರಡುವ ವಾರದವರೆಗೂ ರದ್ದಾದ ತಾಣಗಳಿಗಾಗಿ ದಿನಕ್ಕೆರಡು ಬಾರಿ ಹುಡುಕಲಿ. ನಮಗೆ ಒಮ್ಮೆ ಸಿಕ್ಕಿದ್ದು ಹೀಗೆಯೇ, ಹೊರಡುವುದಕ್ಕೆ ಒಂಬತ್ತು ದಿನ ಮುಂಚೆ. ತಾಣ ಕೈಗೆ ಬಂದ ಮೇಲೆ ಗಾಡಿಯನ್ನು ಗೊತ್ತು ಮಾಡಿ. ನಡೆಯಲಾಗದ ಹಿರಿಯರಿದ್ದರೆ ಮರಳಿನ ಮೇಲೆ ಓಡುವ ದಪ್ಪ ಚಕ್ರದ ಗಾಲಿಕುರ್ಚಿ ಇದೆಯೇ ಎಂದು ಆ ಉದ್ಯಾನಕ್ಕೆ ಫೋನ್ ಮಾಡಿ ಕೇಳಿ. ಹಲವು ಬೀಚುಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ.

ಹೊರಡುವ ದಿನ ಮಧ್ಯಾಹ್ನ 12ರೊಳಗೆ ಜಾಗ ತೆರವು ಮಾಡಬೇಕು, ಭಾನುವಾರವಾದರೆ ಹನ್ನೊಂದರ ಹೊತ್ತಿಗೆ ಡಂಪ್ ಸ್ಟೇಷನ್ನಿನಲ್ಲಿ ಗಾಡಿಗಳ ಸಾಲು ನಿಂತಿರುತ್ತದೆ. ಒಂಬತ್ತಕ್ಕೇ ಹೋಗಿ, ಕೈಗವಸು ಹಾಕಿಕೊಂಡು ಮೊದಲು ಮಲದ ಟ್ಯಾಂಕನ್ನು, ಆಮೇಲೆ ಪಾತ್ರೆ ಮತ್ತು ಬಚ್ಚಲಿನ ನೀರಿನ ಟ್ಯಾಂಕನ್ನು ಖಾಲಿಮಾಡಿ. ಎರಡನೆಯದರ ಸೋಪಿನ ನೀರಿನಿಂದಲೇ ಪೈಪು ತೊಳೆದುಹೋಗುತ್ತದೆ.